ಗಾಜಿನ ತೊಟ್ಟಿಯ ನೀರು

ನೀರು ತಿಳಿಯಾಗಿದ್ದರೆ ಒಳ್ಳೆಯದು, ಕದಡಿದ್ದರೆ ಕೆಟ್ಟದ್ದು ಎಂಬುದು ನಮ್ಮ ಮನೆಗಳಲ್ಲಿ ತಲೆತಲಾಂತರದಿಂದ ನಡೆದುಬಂದಿರುವ ತೀರ್ಮಾನ. ನೀರು ತಂದ ಮನೆಯಾಕೆ ಅದನ್ನು ಬಟ್ಟೆಯಿಂದ ಸೋಸಿ, ಕೊಡದ ತಳದಲ್ಲಿ ಮಣ್ಣು ನಿಲ್ಲದಿದ್ದರೆ ಸಮಾಧಾನಪಡುತ್ತಿದ್ದಳು. ಈ ಪರೀಕ್ಷೆ ಸುಳ್ಳೆಂದು ನಾವು ಹೇಳುವುದಿಲ್ಲ. ಅದು ಅರ್ಧ ಪರೀಕ್ಷೆ. ಮಿಕ್ಕ ಅರ್ಧವನ್ನು ನಮಗೆ ತೋರಿಸಿಕೊಟ್ಟದ್ದು ಮಗುವಿನ ಸಂತೋಷಕ್ಕೆಂದು ತಂದ ಒಂದು ಮೀನಿನ ತೊಟ್ಟಿ.

ನಾವು ವಾಸಿಸುವ ಮಂಚೇನಹಳ್ಳಿಯು ಹಿಂದೆ ಗೌರಿಬಿದನೂರು ತಾಲ್ಲೂಕಿನ ಹೋಬಳಿಯಾಗಿದ್ದು, ಈಚೆಗೆ ತಾನೂ ಒಂದು ತಾಲ್ಲೂಕಿನ ಕೇಂದ್ರವಾದ ಊರು. ನಂದಿಯ ಬೆಟ್ಟಸಾಲಿನಲ್ಲಿ ಹುಟ್ಟುವ ಉತ್ತರ ಪಿನಾಕಿನಿಯು ಗೌರಿಬಿದನೂರಿನ ಕಡೆಗೆ ಹರಿಯುವುದಾದರೂ ವರ್ಷದ ಬಹುಭಾಗ ಅದು ಮರಳಿನ ಹೊಳೆಯೇ ಸರಿ. ಕೆರೆ ತುಂಬಿದರೆ ಬಾವಿಗೆ ನೀರು. ಇಲ್ಲವಾದರೆ ಕೊಳವೆಬಾವಿಯೇ ಗತಿ. ಸಾವಿರ ಅಡಿಗೂ ಮೀರಿ ಕೊರೆಸಿ ನಿರಾಶರಾದ ರೈತರು ನಮ್ಮ ಜಿಲ್ಲೆಯಲ್ಲಿ ಅನೇಕರಿದ್ದಾರೆ. ಇಂಥ ಸೀಮೆಯಲ್ಲಿ ೫೦ ಲೀಟರು ನೀರನ್ನು ಗಾಜಿನ ತೊಟ್ಟಿಗೆ ತುಂಬಿ ಮೀನು ಸಾಕುವುದು ವಿಲಾಸವೆಂದು ನಮ್ಮ ಮನೆಯವರು ಆಕ್ಷೇಪಿಸಿದರು. ಆಕ್ಷೇಪಣೆ ನ್ಯಾಯವಾದುದೇ. ತೊಟ್ಟಿಯಿಂದ ತೆಗೆದ ನೀರನ್ನೆಲ್ಲ ಕರಿಬೇವಿನ ಗಿಡಕ್ಕೆ ಹಾಕತಕ್ಕುದೆಂಬ ಒಪ್ಪಂದದ ಮೇಲೆ ಅನುಮತಿ ದೊರೆಯಿತು.

ಮೀನು ಬೇಕೆಂದು ಹಟ ಹಿಡಿದವಳು ಒಂಬತ್ತು ವರ್ಷದ ಮೊಮ್ಮಗಳು. ಅಂಗಡಿಯವನು "ಇವತ್ತೇ ನೀರು ತುಂಬಿಸಿ, ಇವತ್ತೇ ಮೀನು ಬಿಡಿ ಸ್ವಾಮಿ" ಎಂದು ಹೇಳಿ ಮೀನುಗಳನ್ನು ಚೀಲದಲ್ಲಿ ಕಟ್ಟಿಕೊಡಲು ಸಿದ್ಧನಾಗಿದ್ದನು. ನಾವು ಮೀನನ್ನು ಅಲ್ಲಿಯೇ ಬಿಟ್ಟು, ತೊಟ್ಟಿ, ನೀರು ಸೋಸುವ ಯಂತ್ರ, ನೀರನ್ನು ಪರೀಕ್ಷಿಸುವ ಔಷಧಗಳ ಪುಟ್ಟ ಪೆಟ್ಟಿಗೆ, ಇಷ್ಟನ್ನೇ ಕೊಂಡು ಹೊರಟೆವು. ಹುಡುಗಿ ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಾತನಾಡಲಿಲ್ಲ. ಊರು ಸೇರಿದ ಮೇಲೆ, "ಮೀನಿಲ್ಲದ ತೊಟ್ಟಿ ಯಾಕೆ ತಾತ?" ಎಂದಳು.

ಕಾರಣವನ್ನು ವಾಚಕರಿಗೂ ಅರಿಕೆಮಾಡಬೇಕು. ಮೀನು ತಾನು ಉಸಿರಾಡುವ ನೀರಿನಲ್ಲಿಯೇ ಮಲಮೂತ್ರಗಳನ್ನೂ ಬಿಡುತ್ತದೆ. ಅದರಿಂದಲೂ, ತಿಂದು ಮಿಕ್ಕ ಆಹಾರವು ಕೊಳೆಯುವುದರಿಂದಲೂ ಅಮೋನಿಯವೆಂಬ ವಿಷ ಹುಟ್ಟುವುದು. ಕೆರೆಕುಂಟೆಗಳ ಮಣ್ಣಿನಲ್ಲಿಯೂ ಕಲ್ಲಿನ ಪಾಚಿಯಲ್ಲಿಯೂ ಇರುವ ಒಂದು ಬಗೆಯ ಅಣುಜೀವಿಗಳು ಈ ಅಮೋನಿಯವನ್ನು ನೈಟ್ರೈಟಾಗಿ ಮಾರ್ಪಡಿಸುವುವು. ಅದೂ ವಿಷವೇ. ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟಾಗಿ ಮಾಡುವುವು. ಇದು ಮೀನಿಗೆ ಅಷ್ಟಾಗಿ ಬಾಧಕವಲ್ಲ. ಹೊಸ ತೊಟ್ಟಿಯಲ್ಲಿ ಈ ಅಣುಜೀವಿಗಳು ಹೆಸರಿಗೆ ಮಾತ್ರ ಇರುತ್ತವೆ. ಅವು ಸೋಸುವ ಯಂತ್ರದ ಸ್ಪಂಜಿನಲ್ಲಿ ನೆಲೆಯೂರಿ ಬೆಳೆಯಲು ಮೂರರಿಂದ ಆರು ವಾರ ಬೇಕು.

ಈ ಕಾಯುವಿಕೆಯ ಕಥೆ ಹಳೆಯದು. ೧೮೭೭ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯುಂಟ್ಸ್ ಎಂಬ ಇಬ್ಬರು ಪಂಡಿತರು, ಮರಳನ್ನೂ ಸುಣ್ಣಕಲ್ಲಿನ ಪುಡಿಯನ್ನೂ ತುಂಬಿದ ಉದ್ದವಾದ ಕೊಳವೆಯೊಳಗೆ ಚರಂಡಿಯ ನೀರನ್ನು ಮೆಲ್ಲಮೆಲ್ಲನೆ ಇಳಿಬಿಟ್ಟರು. ಇಪ್ಪತ್ತು ದಿವಸ ಅಮೋನಿಯ ಹೇಗೆ ಹೋಯಿತೋ ಹಾಗೆಯೇ ಇಳಿದು ಬಂದಿತು. ಆ ಮೇಲೆ ನೈಟ್ರೇಟು ಕಾಣಿಸಿಕೊಂಡಿತು. ಕ್ಲೋರೋಫಾರಮಿನ ಆವಿಯನ್ನು ಸೋಕಿಸಲು ಕೆಲಸ ನಿಂತುಹೋಯಿತು. ಬರಿಯ ರಸಾಯನಕ್ರಿಯೆಯಾಗಿದ್ದರೆ ಅದಕ್ಕೆ ಇಪ್ಪತ್ತು ದಿವಸದ ಕಾಲಾವಕಾಶವೂ ಬೇಡ, ಕ್ಲೋರೋಫಾರಮಿಗೆ ಮೂರ್ಛೆಹೋಗುವ ಪ್ರಮೇಯವೂ ಇಲ್ಲ. ಆದುದರಿಂದ ಇದು ಜೀವಿಗಳ ಕೆಲಸವೆಂದು ಅವರು ನಿರ್ಧರಿಸಿದರು. ರಷ್ಯದ ವಿನೋಗ್ರಾಡ್‌ಸ್ಕಿಯು ೧೮೯೦ರ ಸುಮಾರಿಗೆ ಆ ಜೀವಿಗಳನ್ನೇ ಬೇರ್ಪಡಿಸಿ ತೋರಿಸಿದನು.

ಲೆಕ್ಕ ಬರೆಯುವವನು ಮೊದಲು ಹಿಂದಿನ ಬಾಕಿಯನ್ನು ಬರೆದುಕೊಳ್ಳುವಂತೆ, ತೊಟ್ಟಿಗೆ ಏನನ್ನೂ ಬೆರೆಸುವ ಮುನ್ನ ಬರಿಯ ನೀರನ್ನು ಪರೀಕ್ಷಿಸಿದೆವು. ನೀರು ನಮ್ಮ ಹಿತ್ತಲಿನ ಹಳೆಯ ಕೊಳವೆಬಾವಿಯದು; ಇನ್ನೂರು ಅಡಿಯದು, ದನದ ಕೊಟ್ಟಿಗೆಯ ಪಕ್ಕದಲ್ಲಿರುವುದು. ಕೊಳವೆಯಲ್ಲಿ ಗುರುತಿನವರೆಗೆ ನೀರು ಹಿಡಿದು, ಹೇಳಿದಷ್ಟು ಹನಿ ಬಿಟ್ಟು, ಐದು ನಿಮಿಷ ಕಾದು, ಬಣ್ಣದ ಚೀಟಿಯೊಡನೆ ಹೋಲಿಸಿ ನೋಡುವುದು ಇದರ ಕ್ರಮ. ನೈಟ್ರೇಟಿನ ಎರಡನೆಯ ಸೀಸೆಯನ್ನು ಚೆನ್ನಾಗಿ ಕುಲುಕದಿದ್ದರೆ ಫಲ ಸುಳ್ಳಾಗುವುದು. ಅಮೋನಿಯದ ಕೊಳವೆ ಹಳದಿಯಾಗಿಯೇ ನಿಂತಿತು, ನೈಟ್ರೈಟಿನದು ತಿಳಿನೀಲಿ. ಎರಡೂ ಶೂನ್ಯ. ಮೂರನೆಯದು ಮಾತ್ರ ದಾಸವಾಳದಂತೆ ಕೆಂಪಗಾಯಿತು. ಚೀಟಿಯಲ್ಲಿ ಅದಕ್ಕೆ ಲೀಟರಿಗೆ ೪೦ರಿಂದ ೮೦ ಮಿಲಿಗ್ರಾಂ ನೈಟ್ರೇಟು. ತಿಂಗಳ ಮೇಲೆ ಕಾಣಬೇಕಾದ ಬಣ್ಣ ಮೊದಲನೆಯ ಸಂಜೆಯೇ ಕಂಡಿತು, ಮೀನಿನ್ನೂ ಅಂಗಡಿಯಲ್ಲಿತ್ತು!

ಆಗ ನಮ್ಮ ಮಗಳು ಬಾಣಂತನಕ್ಕೆ ಬಂದಿದ್ದಳು. ಕೂಸಿಗೆ ಎರಡು ತಿಂಗಳು. ತಾಯಿಯ ಹಾಲು ಸಾಲದೆಂದು ಡಾಕ್ಟರು ಪುಡಿಹಾಲನ್ನು ಬರೆದುಕೊಟ್ಟಿದ್ದರು. ಡಬ್ಬಿ ಇನ್ನೂ ಒಡೆದಿರಲಿಲ್ಲ. ಕುಡಿಯುವ ನೀರಿನಲ್ಲಿ ನೈಟ್ರೇಟು ಲೀಟರಿಗೆ ೪೫ ಮಿಲಿಗ್ರಾಂ ಮೀರಕೂಡದೆಂದು ಭಾರತದ ಮಾನಕದಲ್ಲಿ ವಿಧಿಸಿದೆ. ಈ ಕಟ್ಟಳೆ ಮುಖ್ಯವಾಗಿ ಹಸುಗೂಸುಗಳ ಸಲುವಾಗಿಯೇ ಹುಟ್ಟಿದ್ದು. ೧೯೪೫ರಲ್ಲಿ ಅಮೆರಿಕದ ಅಯೋವಾ ಪ್ರಾಂತದ ಕಾಮ್ಲಿ ಎಂಬ ವೈದ್ಯನು, ಬಾವಿಯ ನೀರಿನಲ್ಲಿ ಕಲಸಿದ ಹಾಲು ಕುಡಿದ ಕೂಸುಗಳು ನೀಲಿಗಟ್ಟುವುದನ್ನು ವಿವರಿಸಿ, ಅದಕ್ಕೆ ನೀರಿನ ನೈಟ್ರೇಟೇ ಕಾರಣವೆಂದು ತೋರಿಸಿದನು. ಎಳೆಯ ಕೂಸಿನ ಹೊಟ್ಟೆಯಲ್ಲಿ ನೈಟ್ರೇಟು ಹಿಂದಿರುಗಿ ನೈಟ್ರೈಟಾಗಿ ರಕ್ತಕ್ಕೆ ಸೇರುವುದು. ಅದು ಸೋಂಕಿದ ರಕ್ತ ಪ್ರಾಣವಾಯುವನ್ನು ಹೊರಲಾರದು. ಹೊಸ ತೊಟ್ಟಿಯಲ್ಲಿ ನೈಟ್ರೈಟು ಏರಿದಾಗ ಮೀನಿಗೆ ಬರುವ ವ್ಯಾಧಿಯೂ ಇದೇ. ಅದರ ರಕ್ತ ಕಂದುಬಣ್ಣಕ್ಕೆ ತಿರುಗಿ, ಕಿವಿರು ಎಷ್ಟು ಆಡಿಸಿದರೂ ಉಸಿರು ಸಾಲದೆ ನೀರಿನ ಮೇಲ್ಮೈಗೆ ಬಂದು ಬಾಯಿ ಬಿಡುವುದು.

"ಕಾಯಿಸಿ ಆರಿಸಿ ಕೊಡುತ್ತೇನಲ್ಲಪ್ಪ" ಎಂದಳು ಮಗಳು. ಕಾಯಿಸುವುದು ಕಾಲರ ಮೊದಲಾದ ರೋಗಬೀಜಗಳಿಗೆ ಮದ್ದು, ನೈಟ್ರೇಟಿಗೆ ಅಲ್ಲ. ನೀರು ಆವಿಯಾಗಿ ಹೋಗಿ ಅದು ಉಳಿಯುವುದರಿಂದ ಕಾಯಿಸಿದಷ್ಟೂ ಗಟ್ಟಿಯಾಗುವುದು. ಇದ್ದಿಲಿನ ಸೋಸುಕವೂ ಅದನ್ನು ತಡೆಯದು. ಮರುದಿವಸವೇ ಒಂದು ಸೀಸೆ ನೀರನ್ನು ಜಿಲ್ಲೆಯ ಪರೀಕ್ಷಾಲಯಕ್ಕೆ ಕಳುಹಿಸಿದೆವು. ಆಟದ ಪೆಟ್ಟಿಗೆಯ ಬಣ್ಣವನ್ನು ನಂಬಿ ಕೈಕಟ್ಟಿ ಕೂಡುವುದೂ ಸಲ್ಲದು, ಅಲಕ್ಷಿಸುವುದೂ ಸಲ್ಲದು. ಉತ್ತರ ಬಂದಿತು: ನೈಟ್ರೇಟು ೬೮, ಫ್ಲೋರೈಡು ಮಿತಿಯೊಳಗೆ. ನಮ್ಮ ಸೀಮೆಯ ಆಳದ ಬಾವಿಗಳಲ್ಲಿ ಫ್ಲೋರೈಡಿನ ಭಯವೇ ಹೆಚ್ಚಾದುದರಿಂದ, ಮೀನಿನ ಪೆಟ್ಟಿಗೆ ಅದನ್ನು ತೋರಿಸಲಾರದೆಂಬುದನ್ನು ಗೃಹಸ್ಥರು ನೆನಪಿನಲ್ಲಿಡಬೇಕು. ಕೆಲವು ಪೆಟ್ಟಿಗೆಗಳು ನೈಟ್ರೇಟನ್ನು ಅದರೊಳಗಿನ ಸಾರಜನಕದ ತೂಕದಲ್ಲಿ ಹೇಳುವುದೂ ಉಂಟು. ಆ ಲೆಕ್ಕದಲ್ಲಿ ೧೦ ಎಂದರೆ ನಮ್ಮ ೪೫ಕ್ಕೆ ಹತ್ತಿರ ಹತ್ತಿರ ಸಮ.

ಕೂಸಿನ ಹಾಲಿಗೆ ಊರಿನ ಶುದ್ಧ ನೀರಿನ ಘಟಕದಿಂದ ನಾಣ್ಯ ಹಾಕಿ ಕ್ಯಾನಿನಲ್ಲಿ ನೀರು ತರುವುದೆಂದಾಯಿತು. ಆ ನೀರಿಗೂ ಹನಿ ಬಿಟ್ಟು ನೋಡಿದೆವು. ಕೆಂಪಿನ ಬದಲು ಮಾಸಲು ಹಳದಿ, ಹತ್ತಕ್ಕಿಂತ ಕಡಮೆ. ಆ ಮೇಲೆಯೇ ಮಗಳು ಡಬ್ಬಿಯನ್ನು ಒಡೆದಳು.

ಇತ್ತ ತೊಟ್ಟಿಯ ಕೆಲಸವೂ ನಡೆದಿತ್ತು. ಮೀನಿಲ್ಲದೆ ಅಣುಜೀವಿಗಳನ್ನು ಬೆಳೆಸಬೇಕಾದರೆ ಅವಕ್ಕೆ ಅಮೋನಿಯದ ಆಹಾರ ಬೇಕು. ಕಲಾಯಿಯವರು ಬಳಸುವ ನವಸಾಗರವೇ ಇದಕ್ಕೆ ತಕ್ಕ ವಸ್ತು. ಆದರೆ ಸಂತೆಯದು ಬೇಡ, ಶುದ್ಧವಾದುದೇ ಆಗಬೇಕು. ಒಂದು ಗ್ರಾಮಿನ ಮೂರರಲ್ಲೊಂದು ಪಾಲು ೫೦ ಲೀಟರಿಗೆ ಹಾಕಿದರೆ ಲೀಟರಿಗೆ ಸುಮಾರು ೨ ಮಿಲಿಗ್ರಾಂ ಅಮೋನಿಯವಾಗುವುದು. ನಲ್ಲಿಯ ನೀರಾದರೆ ಬ್ಲೀಚಿಂಗ್ ಪುಡಿಯ ವಾಸನೆ ಹೋಗುವಂತೆ ಒಂದು ದಿವಸ ತೆರೆದಿಡಬೇಕು. ಕ್ಲೋರೀನು ಮೀನಿಗೂ ಅಣುಜೀವಿಗಳಿಗೂ ಹಗೆ. ನಮ್ಮ ಗಡಸು ನೀರು ಅಣುಜೀವಿಗಳಿಗೆ ಹಿತವೇ. ಆ ಫ್ರೆಂಚರ ಕೊಳವೆಯಲ್ಲಿ ಸುಣ್ಣಕಲ್ಲು ಇದ್ದುದನ್ನು ನೆನೆಯಬಹುದು. ಮೀನಿಗೆ ಮಾತ್ರ ಇದರಲ್ಲಿ ಒಂದು ತೊಡಕುಂಟು. ನೀರು ಕ್ಷಾರದ ಕಡೆಗೆ ವಾಲಿದಷ್ಟೂ ಅಮೋನಿಯದ ವಿಷ ಏರುವುದು. ಪಿಎಚ್ ೭ ಇದ್ದಾಗ ಇರುವುದಕ್ಕಿಂತ ೮ ಇದ್ದಾಗ ಸುಮಾರು ಹತ್ತರಷ್ಟು.

ಹುಡುಗಿ ದಿನವೂ ಹನಿ ಬಿಟ್ಟು ಕೋಪಿ ಪುಸ್ತಕದಲ್ಲಿ ಬಣ್ಣದ ಪೆನ್ಸಿಲಿನಿಂದ ತುಂಬುತ್ತಿದ್ದಳು. ಒಂಬತ್ತನೆಯ ದಿವಸ ಅಮೋನಿಯದ ಹಸುರು ಮಾಸಿತು, ನೈಟ್ರೈಟಿನ ನೀಲಿ ನೇರಿಳೆಯಾಯಿತು. ಆ ನೇರಿಳೆ ಎರಡು ವಾರ ಕದಲಲಿಲ್ಲ. "ನೀರು ಇಷ್ಟು ತಿಳಿಯಾಗಿದೆಯಲ್ಲ ತಾತ" ಎಂದು ಗಾಜಿಗೆ ಮೂಗು ಒತ್ತಿ ನಿಲ್ಲುವಳು. ನಿಜವಾಗಿಯೂ ಆ ತೊಟ್ಟಿಯ ನೀರು ಅಷ್ಟು ನಿರ್ಮಲವಾಗಿ ಕಂಡದ್ದು ಅದು ವಿಷವಾಗಿದ್ದ ಆ ಎರಡು ವಾರವೇ. ನೆರೆಮನೆಯ ಹಿರಿಯರು ಬಂದು, ಹಿಂದೆ ಬಾವಿಗೆ ಮೀನು ಬಿಟ್ಟರೆ ಯಾವ ಹನಿಯೂ ಇಲ್ಲದೆ ಬದುಕುತ್ತಿದ್ದುವೆಂದು ನಕ್ಕರು. ಅವರ ಮಾತು ಸುಳ್ಳಲ್ಲ. ೨೦೦೭ರವರೆಗೆ ನಮ್ಮ ಸೀಮೆಯನ್ನೊಳಗೊಂಡಿದ್ದ ಕೋಲಾರ ಜಿಲ್ಲೆಯ ಹಳ್ಳಿಗಳಲ್ಲಿ ಮಲೇರಿಯದ ಸೊಳ್ಳೆಮರಿಗಳನ್ನು ತಿನ್ನಿಸಲು ಬಾವಿಗಳಿಗೆ ಗಪ್ಪಿ ಮೀನನ್ನು ಬಿಟ್ಟದ್ದುಂಟು. ಆದರೆ ಬಾವಿಯ ಕಲ್ಲುಕಟ್ಟಡವೆಲ್ಲ ನೂರು ವರ್ಷದ ಅಣುಜೀವಿಗಳ ಮನೆ.

ಮೂವತ್ತನಾಲ್ಕನೆಯ ದಿವಸ, ಹಾಕಿದ ನವಸಾಗರವೆಲ್ಲ ಒಂದೇ ದಿನದಲ್ಲಿ ಕರಗಿ ಎರಡು ಕೊಳವೆಗಳೂ ಶೂನ್ಯ ತೋರಿಸಿದುವು. ಅರ್ಧ ನೀರನ್ನು ತೆಗೆದು ಕರಿಬೇವಿಗೆ ಹಾಕಿ, ತಾರಸಿಯ ಮಳೆನೀರು ಬೆರೆಸಿ, ಆರು ಗಪ್ಪಿಗಳನ್ನು ಬಿಟ್ಟೆವು. ಗಡಸು ನೀರು ಆ ಮೀನಿಗೆ ಒಗ್ಗುವುದೆಂಬ ಕಾರಣದಿಂದಲೇ ಅದನ್ನು ಆರಿಸಿದ್ದು. ತಿಂಗಳೊಳಗೆ ಅವು ಮರಿಹಾಕಿದುವು. ಸ್ಪಂಜನ್ನು ತೊಳೆಯುವಾಗ ನಲ್ಲಿಗೆ ಹಿಡಿಯದೆ, ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಹಿಂಡುತ್ತೇವೆ.

ಹಿರಿಯರ ಕಾಲದ ತಿಪ್ಪೆಯನ್ನು ಕೊಳವೆಬಾವಿಯ ಬಳಿಯಿಂದ ಹಿತ್ತಲಿನ ತಗ್ಗಿನ ಮೂಲೆಗೆ ಸಾಗಿಸಿದ್ದಾಯಿತು. ನೆಲದೊಳಕ್ಕೆ ಇಳಿದದ್ದು ಕೆಲವು ಮಳೆಗಾಲ ಕಳೆಯದೆ ಕಡಮೆಯಾಗುವಂತಿಲ್ಲ. ಕೂಸಿಗೆ ಈಗ ಏಳು ತಿಂಗಳು. ಕ್ಯಾನಿನ ನೀರೇ ನಡೆದಿದೆ. ಪ್ರತಿ ತಿಂಗಳ ಮೊದಲನೆಯ ಭಾನುವಾರ ಹುಡುಗಿ ತೊಟ್ಟಿಯದೊಂದು, ಬಾವಿಯದೊಂದು, ಕ್ಯಾನಿನದೊಂದು ಎಂದು ಮೂರು ಕೊಳವೆಗಳನ್ನು ಸಾಲಾಗಿ ನಿಲ್ಲಿಸುತ್ತಾಳೆ. ಹೋದ ತಿಂಗಳು ಬಾವಿಯ ಕೊಳವೆ ಮೊದಲಿನಷ್ಟೇ ಕೆಂಪಗಿತ್ತು.