ದಕ್ಷಿಣಕ್ಕೆ ಮುಖಮಾಡಿದ ಪಿಮಾಯ್

ಖಮೇರ್ ದೇಗುಲಗಳು ಸಾಮಾನ್ಯವಾಗಿ ಪೂರ್ವಾಭಿಮುಖ. ಪಿಮಾಯ್‌ನ ದೇಗುಲ ಮಾತ್ರ ದಕ್ಷಿಣಕ್ಕೆ, ತುಸು ಆಗ್ನೇಯದ ಕಡೆಗೆ ಮುಖಮಾಡಿ ನಿಂತಿದೆ. ಆ ದಿಕ್ಕಿನಲ್ಲಿ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರ ಸಾಗಿ, ದಾಂಗ್ರೆಕ್ ಬೆಟ್ಟಸಾಲು ಇಳಿದರೆ ಅಂಗ್ಕೋರ್. ರಾಜಧಾನಿಯತ್ತಲೇ ತಿರುಗಿಸಿ ಕಟ್ಟಿದರೆಂದು ಹಲವು ವಿದ್ವಾಂಸರ ಅಭಿಪ್ರಾಯ. ಊರಿನ ದಕ್ಷಿಣ ಬಾಗಿಲಾದ ‘ಪ್ರತು ಚಾಯ್’ ಒಳಗೆ ನಿಂತೆ. ಕಲ್ಲಿನ ಚೌಕಟ್ಟಿನಲ್ಲಿ, ಬೀದಿಯ ಆ ತುದಿಗೆ, 28 ಮೀಟರ್ ಎತ್ತರದ ಬಿಳಿಗಲ್ಲಿನ ಗೋಪುರ. ಮೈ ಜುಮ್ಮೆಂದಿತು.

ಪಿಮಾಯ್ ಥಾಯ್ಲೆಂಡಿನ ಈಶಾನ್ಯದ ನಖೋನ್ ರಾಚಸೀಮಾ ಪ್ರಾಂತ್ಯದ ಒಂದು ಹಳ್ಳಿಗಾಡಿನ ‘ಅಂಪೋ’, ಅಂದರೆ ಹೆಚ್ಚುಕಡಿಮೆ ನಮ್ಮ ತಾಲೂಕು. ಪ್ರಾಂತ್ಯದ ಮುಖ್ಯಪಟ್ಟಣ ಕೊರಾಟ್‌ನಿಂದ ಬಸ್ಸಿನಲ್ಲಿ ಸುಮಾರು 60 ಕಿಲೋಮೀಟರ್. ದಾರಿಯುದ್ದಕ್ಕೂ ಸಮತಟ್ಟಾದ ಭತ್ತದ ಗದ್ದೆಗಳು. ಇಂಥ ಕಡೆ ಅಂಗ್ಕೋರ್ ವಾಟ್‌ಗಿಂತ ಹಳೆಯ ದೇಗುಲವಿದೆಯೆಂದು ಆ ಬಯಲು ಸುಳಿವೇ ಕೊಡುವುದಿಲ್ಲ.

ಒಳಗೆ ಹೋದರೆ ಕನ್ನಡದವರಿಗೆ ಪರಿಚಯವೇ ಬೇಡ. ಹೊರಬಾಗಿಲೊಂದರ ಮೇಲೆ ನಟರಾಜ. ಮತ್ತೊಂದರ ಮೇಲೆ ನಾಗಪಾಶದಲ್ಲಿ ಸಿಕ್ಕ ರಾಮಲಕ್ಷ್ಮಣರು, ಸುತ್ತ ಕಂಗಾಲಾದ ಕಪಿಗಳು. ಗರ್ಭಗುಡಿಯತ್ತ ಸಾಗಿದಂತೆ ಕಥೆ ಬೌದ್ಧವಾಗುತ್ತದೆ: ಮಾರನ ಸೇನೆ, ಹೆಡೆಯ ನೆರಳಲ್ಲಿ ಬುದ್ಧ. ಇದು ಮಹಾಯಾನ ಬೌದ್ಧ ದೇಗುಲ. ಒಂದು ಬಾಗಿಲುವಾಡದ ಶಾಸನ 1108ರಲ್ಲಿ ಬೌದ್ಧ ದೇವತೆ ತ್ರೈಲೋಕ್ಯವಿಜಯನ ಮೂರ್ತಿ ಸ್ಥಾಪಿಸಿದ್ದನ್ನು ಹೇಳುತ್ತದೆ. ಶಿವ, ರಾಮ, ಬುದ್ಧ ಮೂವರನ್ನೂ ಒಂದೇ ಕಲ್ಲುಕುಟಿಗರ ಪರಂಪರೆ ಇಷ್ಟು ಅಕ್ಕರೆಯಿಂದ ಕೆತ್ತಿದ್ದನ್ನು ನೋಡುತ್ತ ಮಧ್ಯಾಹ್ನದ ಬಿಸಿಲೂ ಮರೆತುಹೋಯಿತು.

ಈ ಊರನ್ನು ಹುಟ್ಟಿಸಿದ್ದು ಮೂನ್ ನದಿ. ಖಾವೊ ಯಾಯ್ ಕಡೆಯ ಬೆಟ್ಟಗಳಲ್ಲಿ ಹುಟ್ಟಿ, ಕೊರಾಟ್ ಪ್ರಸ್ಥಭೂಮಿಯನ್ನು ಉದ್ದಕ್ಕೂ ಹಾದು ಮೆಕಾಂಗ್ ಸೇರುವ ನದಿ. ಪಿಮಾಯ್‌ನ ಉತ್ತರ, ಪೂರ್ವಕ್ಕೆ ಮೂನ್. ಉಳಿದ ದಿಕ್ಕುಗಳಲ್ಲಿ ಅದರ ಉಪನದಿ, ತೊರೆಗಳು. ಊರು ನಡುಗಡ್ಡೆಯಂತೆ ಉಳಿದುಕೊಂಡಿದೆ. ನದಿಯಂಚಿನ ‘ಸಾಯ್ ಙಾಮ್’ ಆಲದ ಜಾತಿಯ ಹಳೆಯ ಮರ. ಬಿಳಲು ಕಾಂಡವಾಗಿ, ಕಾಂಡ ತೋಪಾಗಿ ಹಬ್ಬಿದೆ. 1911ರಲ್ಲಿ ಬಂದ ರಾಣಿ ಸಾವೊವಭಾ ಅದಕ್ಕೆ ಈ ಹೆಸರಿಟ್ಟರು. ಅದರಡಿ ಕೂತು ಊರಿನದೇ ಆದ ‘ಮೀ ಪಿಮಾಯ್’ ಅಕ್ಕಿ ಶ್ಯಾವಿಗೆ ತಿಂದೆ.

ಅಂಗ್ಕೋರ್‌ನ ವೈಭವ ಮುಗಿದ ಮೇಲೂ ಪಿಮಾಯ್ ಚರಿತ್ರೆಯಿಂದ ಜಾರಲಿಲ್ಲ. 1767ರಲ್ಲಿ ಥಾಯ್ ರಾಜಧಾನಿ ಅಯುತ್ಥಯಾ ಬಿದ್ದಾಗ ರಾಜಕುಮಾರ ಥೆಪ್ಪಿಪಿಟ್ ಇಲ್ಲಿಯೇ ತನ್ನ ಆಳ್ವಿಕೆ ಹೂಡಿದ. ಮರುವರ್ಷ ಥಾಯ್ ದೊರೆ ತಾಕ್ಸಿನ್ ಅವನನ್ನು ಸೋಲಿಸಿದ. 1827ರಲ್ಲಿ ವಿಯೆಂಟಿಯಾನ್‌ನ ದೊರೆ ಅನುವೊಂಗ್ ದಂಗೆಯೆದ್ದಾಗ, ಸೆರೆಸಿಕ್ಕ ಕೊರಾಟ್‌ನ ಜನ ತಿರುಗಿಬಿದ್ದದ್ದು ಇದೇ ಅಂಪೋದ ಸಂರಿತ್ ಬಯಲಿನಲ್ಲಿ. ಆ ಹೋರಾಟದ ನಾಯಕಿ ಎಂದು ಕೊಂಡಾಡುವ ತಾವ್ ಸುರನಾರಿಗೆ ಕೊರಾಟ್‌ನಲ್ಲಿ 1934ರಿಂದ ಕಂಚಿನ ಪ್ರತಿಮೆಯಿದೆ.

ಸಣ್ಣ ಅಧಿಪತಿಯ ‘ಮುಅಂಗ್’ ಆಗಿದ್ದ ಪಿಮಾಯ್ ಅಂಪೋ ಆದದ್ದು ಥಾಯ್ ದೊರೆ ಐದನೆಯ ರಾಮನ ಸುಧಾರಣೆಗಳಲ್ಲಿ. 1892ರಲ್ಲಿ ರಾಜಕುಮಾರ ದಮ್ರೋಂಗ್ ಒಳಾಡಳಿತ ಮಂತ್ರಿಯಾದ. 1900ರಲ್ಲಿ ರೈಲು ಕೊರಾಟ್ ತಲುಪಿತು. ವಂಶಪಾರಂಪರ್ಯದ ಪಾಳೆಯಗಾರಿಕೆ ಹೋಗಿ ಬ್ಯಾಂಕಾಕ್ ಕಳಿಸಿದ ಅಧಿಕಾರಿ ಬಂದ. ಇಂದಿಗೂ ‘ನಾಯ್ ಅಂಪೋ’ ಒಳಾಡಳಿತ ಸಚಿವಾಲಯದವನೇ. ಅವನ ಕೆಳಗೆ ಹನ್ನೆರಡು ತಂಬೋನ್‌ಗಳು, ಅಂದರೆ ನಮ್ಮ ಹೋಬಳಿಗಳಂಥವು. ಪ್ರತಿ ತಂಬೋನ್‌ಗೆ ‘ಕಮ್ನಾನ್’, ಪ್ರತಿ ಹಳ್ಳಿಗೆ ಜನ ಆರಿಸಿದ ‘ಪು ಯಾಯ್ ಬಾನ್’. ಈ ಮುಖ್ಯಸ್ಥರ ಕೆಲಸಕ್ಕೆ ಆಧಾರ ತಿದ್ದುಪಡಿಗಳೊಂದಿಗೆ ಉಳಿದುಬಂದ 1914ರ ಕಾಯಿದೆ. ಒಂದು ತಂಬೋನ್‌ನ ಹೆಸರು ‘ನಿಖೋಮ್ ಸಾಂಗ್ ತೋನ್ ಎಂಗ್’. ಭೂಮಿಯಿಲ್ಲದವರಿಗೆ ಸರ್ಕಾರ ಜಮೀನು ಹಂಚಿ, ತಮ್ಮ ಬದುಕು ತಾವೇ ಕಟ್ಟಿಕೊಳ್ಳಲಿ ಎಂದು ನೆಲೆಗೊಳಿಸಿದ ವಸಾಹತಿಗೆ ಇಡುವ ಹೆಸರು ಅದು.

ನನ್ನನ್ನು ಹೆಚ್ಚು ಅಲುಗಿಸಿದ್ದು ಮಾತ್ರ ದಕ್ಷಿಣ ಬಾಗಿಲಾಚೆಯ ‘ಕುಟಿ ರಿಸಿ’ ಎಂಬ ಮುರಿದ ಜಂಬಿಟ್ಟಿಗೆಯ ಗುಡಿ. ಪ್ರವಾಸಿಗರು ಅತ್ತ ಸುಳಿಯುವುದು ಕಡಿಮೆ. ಖಮೇರ್ ದೊರೆ ಏಳನೆಯ ಜಯವರ್ಮ ರಾಜ್ಯದ ತುಂಬ 102 ಆರೋಗ್ಯಶಾಲೆಗಳನ್ನು ನಡೆಸಿದನೆಂದು ಅಂಗ್ಕೋರ್‌ನ ತಾ ಪ್ರೋಮ್ ದೇಗುಲದ 1186ರ ಶಾಸನ ಹೇಳುತ್ತದೆ. ಅಂಗ್ಕೋರ್‌ನಿಂದ ಪಿಮಾಯ್‌ವರೆಗಿನ ದಾರಿಯಲ್ಲಿ 17 ತಂಗುಮನೆಗಳಿದ್ದವೆಂದು ಅಲ್ಲಿಯದೇ ಪ್ರೇಹ್ ಖಾನ್ ದೇಗುಲದ ಶಾಸನ. ಕುಟಿ ರಿಸಿ ಅಂಥ ಒಂದು ಆರೋಗ್ಯಶಾಲೆಯ ಗುಡಿ. ರೋಗಿಗಳ ಮನೆಗಳು ಮರದವಾದ್ದರಿಂದ ಉಳಿದಿಲ್ಲ. ರಾಜನ ಗೋಪುರ ಎಲ್ಲಿ ಬೇಕಾದರೂ ಏಳಬಹುದು. ರಾಜಧಾನಿಯಿಂದ ಇಷ್ಟು ದೂರದ ರೋಗಿಗೂ ಔಷಧಿ ಮುಟ್ಟಬೇಕೆಂದು ಎಂಟುನೂರು ವರ್ಷಗಳ ಹಿಂದೆ ಯಾರೋ ಲೆಕ್ಕ ಹಾಕಿದ್ದರಲ್ಲ, ನನಗೆ ಅದೇ ದೊಡ್ಡ ಕಟ್ಟಡ. ಈಗ ಆ ಲೆಕ್ಕ ತಂಬೋನ್‌ನ ಆಸ್ಪತ್ರೆಯಲ್ಲಿದೆ. ಥಾಯ್ಲೆಂಡಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಹಳ್ಳಿಯ ಆರೋಗ್ಯ ಸ್ವಯಂಸೇವಕರಿದ್ದಾರೆ. ಮುದುಕರ ರಕ್ತದೊತ್ತಡ ನೋಡುವುದು, ಸೊಳ್ಳೆ ಮೊಟ್ಟೆಯಿಡುವ ನೀರು ಚೆಲ್ಲಿಸುವುದು ಅವರ ಕೆಲಸ, ಪಿಮಾಯ್‌ನ ಹಳ್ಳಿಗಳಲ್ಲೂ.