ಮುಳಬಾಗಿಲಿನ ಲ್ಯಾಪ್‌ಟಾಪು ಸಿಗ್ತಾ ಇಲ್ಲ!

ಈ ಸಲದ ಬರಹ ಸ್ವಲ್ಪ ಟೆಕ್ನಿಕಲ್ಲು. ಹೆದರಿ ಓಡಿಹೋಗಬೇಡಿ, ಕಂಪ್ಯೂಟರ್ ಗೊತ್ತಿಲ್ಲದವರಿಗೂ ಅರ್ಥ ಆಗೋ ಹಾಗೇ ಬರೀತೀನಿ.

ನಮ್ಮೂರು ಕೋಲಾರದಲ್ಲಿ ಬೋರ್‌ವೆಲ್ ನೀರಿನ ಲೆಕ್ಕ ಇಡುವ ಪುಟ್ಟ ಸಂಸ್ಥೆ ಒಂದಿದೆ. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಿಗೆ ಒಬ್ಬೊಬ್ಬ ಹುಡುಗ, ಒಂದೊಂದು ಲ್ಯಾಪ್‌ಟಾಪು. ನೀರು ಎಷ್ಟು ಅಡಿಯಲ್ಲಿದೆ, ಫ್ಲೋರೈಡ್ ಎಷ್ಟಿದೆ ಅಂತ ಹಳ್ಳಿ ಹಳ್ಳಿ ಸುತ್ತಿ ಬರೆದುಕೊಳ್ತಾರೆ. ಸೋಮವಾರ ಮಾತ್ರ ಕೋಲಾರದ ಆಫೀಸಿಗೆ ಬರ್ತಾರೆ. ಬೆಂಗಳೂರಿನಿಂದ ನಾನು ಊರಿಗೆ ಹೋದಾಗಲೆಲ್ಲ ಅವರ ಕಂಪ್ಯೂಟರ್‌ಗಳಿಗೆ ನಾನೇ ಡಾಕ್ಟ್ರು.

ಬಯಲುಸೀಮೆಯವರಿಗೆ ಈ ಲೆಕ್ಕದ ಬೆಲೆ ಹೇಳಬೇಕಾಗಿಲ್ಲ. ನಮ್ಮಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು, ಅಂದರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, ಲಕ್ಷ್ಮೀಸಾಗರ ಕೆರೆಗೆ ಬಂತು. ಅದರಿಂದ ಬೋರ್‌ವೆಲ್‌ಗಳಲ್ಲಿ ಏನಾಯ್ತು ಅಂತ ಹೇಳಬೇಕಾದರೆ ಮುಂಚಿನ ಅಂಕಿಗಳು ಬೇಕೇ ಬೇಕು. 2017ರ ಬೇಸಿಗೆಯ ನೀರಿನ ಮಟ್ಟವನ್ನು ಈಗ ಹೋಗಿ ಅಳೆಯೋಕಾಗುತ್ತಾ?

ಆಫೀಸಿನ ಮೂಲೆಯ ಹಳೇ ಕಂಪ್ಯೂಟರಿನಲ್ಲಿ ಬ್ಯಾಕಪ್‌ಪಿಸಿ ಇದೆ. ಕ್ರೇಗ್ ಬ್ಯಾರಟ್ ಅನ್ನುವವರು 2001ರಲ್ಲಿ ಹೊರತಂದ ಮುಕ್ತ ತಂತ್ರಾಂಶ. ಅದು ಗಂಟೆಗೊಮ್ಮೆ ಎದ್ದು ಒಂದೊಂದು ಕಂಪ್ಯೂಟರನ್ನೂ 'ಇದೀಯಾ?' ಅಂತ ಕೂಗುತ್ತೆ. 'ಹೂಂ' ಅಂದರೆ, ಹಿಂದಿನ ಬ್ಯಾಕಪ್ ಹಳೆಯದಾಗಿದ್ದರೆ, ಫೈಲುಗಳನ್ನು ಎಳೆದುಕೊಳ್ಳುತ್ತೆ. ಉತ್ತರ ಬರದಿದ್ದರೆ 'ನೋ ಪಿಂಗ್' ಅಂತ ಬರೆದು ಸುಮ್ಮನಾಗುತ್ತೆ.

ಅಲ್ಲೇ ಇರೋದು ಪಜೀತಿ. ಡೆಸ್ಕ್‌ಟಾಪ್ ಉತ್ತರ ಕೊಡದಿದ್ದರೆ ಏನೋ ಕೆಟ್ಟಿದೆ ಅಂತ ಗೊತ್ತಾಗುತ್ತೆ. ಲ್ಯಾಪ್‌ಟಾಪ್ ಉತ್ತರ ಕೊಡದಿದ್ದರೆ? ಫೀಲ್ಡಿಗೆ ಹೋಗಿರಬೇಕು ಅಂತ ಎಲ್ಲರೂ ಅಂದುಕೊಳ್ತಾರೆ. ಹಾಗೆ ಅಂದುಕೊಂಡೇ ನಾಲ್ಕು ತಿಂಗಳು ಕಳೆದಿತ್ತು. ಮೂರೂ ಲ್ಯಾಪ್‌ಟಾಪಿನದು ಒಂದೂ ಬ್ಯಾಕಪ್ ಇಲ್ಲ!

"ಅಣ್ಣಾ, ಯೂಟ್ಯೂಬೆಲ್ಲಾ ಬತ್ತದೆ, ಈ ಸರ್ವರ್‌ಗೆ ಮಾತ್ರ ನಾವು ಯಾಕೆ ಕಾಣ್ಸಲ್ಲ?" ಅಂದ ಶ್ರೀನಿವಾಸಪುರದ ಹುಡುಗ. ನ್ಯಾಯವಾದ ಪ್ರಶ್ನೆ.

ಹಿಂದೆ ಯಾರೋ ಸೆಟಪ್ ಮಾಡಿಕೊಟ್ಟು ಹೋಗಿದ್ದರು. ಕಂಪ್ಯೂಟರ್‌ಗಳ ಪಟ್ಟಿಯಲ್ಲಿ ಹೆಸರಿನ ಪಕ್ಕ 'ಡಿಎಚ್‌ಸಿಪಿ' ಅಂತ ಒಂದು ಕಾಲಂ ಇರುತ್ತೆ. ಲ್ಯಾಪ್‌ಟಾಪಿಗೆ ಐಪಿ ವಿಳಾಸ ಸಿಗೋದು ಡಿಎಚ್‌ಸಿಪಿಯಿಂದಲೇ ತಾನೆ, ಅದಕ್ಕೆ 1 ಅಂತ ಹಾಕಿದ್ದರು. ಆದರೆ ಇಲ್ಲಿ 1ರ ಅರ್ಥವೇ ಬೇರೆ ಕಣ್ರೀ. 'ಹೆಸರು ಹಿಡಿದು ಹುಡುಕಬೇಡ, ನಾನು ಕೊಟ್ಟಿರೋ ಐಪಿ ವಿಳಾಸಗಳ ಸಾಲಿನಲ್ಲಿ ಒಂದೊಂದೇ ಬಾಗಿಲು ತಟ್ಟಿ ಹೆಸರೇನು ಅಂತ ಕೇಳು' ಅಂತ. ಆ ಸಾಲನ್ನು ಯಾರೂ ತುಂಬಿಸಿರಲೇ ಇಲ್ಲ. ತಟ್ಟೋಕೆ ಬಾಗಿಲೇ ಇಲ್ಲ! 0 ಹಾಕಿದರೆ ಮೊದಲು ಡಿಎನ್‌ಎಸ್‌ನಲ್ಲಿ ಹೆಸರು ಹುಡುಕುತ್ತೆ, ಸಿಗದಿದ್ದರೆ ನೆಟ್‌ಬಯೋಸ್‌ನಲ್ಲಿ ಇಡೀ ನೆಟ್‌ವರ್ಕಿಗೆ ಕೇಳುವಂತೆ ಕೂಗುತ್ತೆ. 0 ಹಾಕಿದೆ.

ಆದರೂ ಸಿಗಲಿಲ್ಲ. ಆಫೀಸಿನ ವೈಫೈ ರೂಟರು ಮೋಡೆಮ್ಮಿನ ಹಿಂದೆ ತನ್ನದೇ ಬೇರೆ ಸಂಸಾರ ಹೂಡಿತ್ತು. ಸರ್ವರ್ ಇರೋದು 192.168.0ರಲ್ಲಿ, ಲ್ಯಾಪ್‌ಟಾಪ್‌ಗಳು 192.168.1ರಲ್ಲಿ. ಕೂಗು ಆ ಗೋಡೆ ದಾಟಲ್ಲ. ಇಂಟರ್‌ನೆಟ್ಟಿಗೆ ಇಬ್ಬರಿಗೂ ದಾರಿ ಇದೆ, ಅದಕ್ಕೇ ಯೂಟ್ಯೂಬ್ ಬರ್ತಿತ್ತು. ವೈಫೈ ರೂಟರಿನ ಡಿಎಚ್‌ಸಿಪಿ ಆಫ್ ಮಾಡಿ, ಕೇಬಲ್ಲನ್ನು ವ್ಯಾನ್ ಪೋರ್ಟಿನಿಂದ ತೆಗೆದು ಲ್ಯಾನ್ ಪೋರ್ಟಿಗೆ ಹಾಕಿದೆ. ಗೋಡೆ ಬಿತ್ತು.

ಉಳಿದಿದ್ದು ಒಬ್ಬೊಬ್ಬರದು ಒಂದೊಂದು ಕಾಯಿಲೆ. ಮಾಲೂರಿನ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ನಮ್ಮ ಆಫೀಸನ್ನು 'ಪಬ್ಲಿಕ್' ನೆಟ್‌ವರ್ಕ್ ಅಂದುಕೊಂಡಿತ್ತು. ಅಂದರೆ ಬಸ್‌ಸ್ಟ್ಯಾಂಡಿನ ವೈಫೈ ಇದ್ದ ಹಾಗೆ, ಯಾರು ಕೂಗಿದರೂ ಫೈರ್‌ವಾಲ್ ಉತ್ತರ ಕೊಡಲ್ಲ. 'ಪ್ರೈವೇಟ್' ಮಾಡಿದೆ, ಮಾತಾಡಿತು.

ಶ್ರೀನಿವಾಸಪುರದ್ದು ಉತ್ತರ ಕೊಡ್ತಿತ್ತು, ಆದರೆ ನಿಧಾನ. ಪಿಂಗ್ 20 ಮಿಲಿಸೆಕೆಂಡ್ ಮೀರಿದರೆ ಬ್ಯಾಕಪ್‌ಪಿಸಿ ಬಿಟ್ಟುಬಿಡುತ್ತೆ, ದೂರದ ನಿಧಾನದ ಲೈನಿನಲ್ಲಿ ಬ್ಯಾಕಪ್ ಶುರುವಾಗದಿರಲಿ ಅಂತ. ಚಾರ್ಜ್ ಉಳಿಸೋಕೆ ತೂಕಡಿಸುವ ವೈಫೈಗೆ ಈ ಮಿತಿ ಸಾಲದು. 200 ಮಾಡಿದೆ.

ಮುಳಬಾಗಿಲಿನದು ಕೊನೆಗೂ ಸಿಗಲಿಲ್ಲ. ಯಾಕೆ ಅಂದರೆ ಆ ಹೆಸರಿನ ಲ್ಯಾಪ್‌ಟಾಪೇ ಇರಲಿಲ್ಲ! ರಿಪೇರಿಗೆ ಕೊಟ್ಟಿದ್ದಾಗ ಅಂಗಡಿಯವರು ವಿಂಡೋಸ್ ಹೊಸದಾಗಿ ಹಾಕಿದ್ದರು. ವಿಂಡೋಸ್ ತಾನೇ ಲ್ಯಾಪ್‌ಟಾಪಿಗೆ 'ಡೆಸ್ಕ್‌ಟಾಪ್' ಅಂತ ಶುರುವಾಗುವ ಹೆಸರಿಟ್ಟಿತ್ತು. ಸರ್ವರ್ ಪಾಪ ಹಳೇ ಹೆಸರನ್ನೇ ಕೂಗ್ತಾ ಕೂತಿತ್ತು. 2017ರಿಂದಿನ ಮುಳಬಾಗಿಲಿನ ಅಂಕಿಗಳೆಲ್ಲ ಇದ್ದಿದ್ದು ಇದೊಂದರಲ್ಲೇ. ಅಂಗಡಿಯವರು ಡಿ ಡ್ರೈವ್ ಮುಟ್ಟದೇ ಇದ್ದಿದ್ದು ಪುಣ್ಯ. ಹಳೇ ಹೆಸರು ವಾಪಸ್ ಕೊಟ್ಟು, ಫೋಲ್ಡರ್ ಮತ್ತೆ ಷೇರ್ ಮಾಡಿದ ಮೇಲೆ ಮುಂದಿನ ಸಲ ಸರ್ವರ್ ಎದ್ದಾಗಲೇ ಬ್ಯಾಕಪ್ ಶುರುವಾಯ್ತು.

ಬ್ಯಾಕಪ್ ಏಳು ದಿನ ಹಳೆಯದಾದರೆ ಮೇಲ್ ಕಳಿಸುವ ಏರ್ಪಾಡು ಬ್ಯಾಕಪ್‌ಪಿಸಿಯಲ್ಲೇ ಇದೆ. ಆ ಮೇಲ್ ಯಾರೂ ತೆರೆಯದ ವಿಳಾಸಕ್ಕೆ ಹೋಗ್ತಿತ್ತು. ಈಗ ಮೂವರು ಹುಡುಗರಿಗೇ ಹೋಗುತ್ತೆ. ಜೊತೆಗೆ ಸೋಮವಾರ ಊಟಕ್ಕೆ ಏಳೋ ಮುಂಚೆ ಎರರ್ ಇದೆಯಾ ಅಂತ ನೋಡೋದಲ್ಲ, ಕೊನೆಯ ಬ್ಯಾಕಪ್ ಯಾವ ತಾರೀಕಿನದು ಅಂತ ನೋಡಬೇಕು ಅಂತ ಹೇಳಿ ಬಂದಿದ್ದೀನಿ. ಎರರ್ ಬರದೇನೂ ಬ್ಯಾಕಪ್ ನಿಂತಿರಬಹುದು.

ನೀವೂ ವರ್ಷಗಟ್ಟಲೆ ಬರೆದ ಬರಹಗಳು, ಮನೆಯವರ ಫೋಟೋಗಳು ಲ್ಯಾಪ್‌ಟಾಪಿನಲ್ಲಿ ಇರ್ತಾವಲ್ಲ, ಅವುಗಳ ಕೊನೆಯ ಬ್ಯಾಕಪ್ ಯಾವ ತಾರೀಕಿನದು? ಒಮ್ಮೆ ನೋಡಿ, ಕಾಮೆಂಟಿನಲ್ಲಿ ಹೇಳಿ.