ಚಿಪ್ಪು ಎಲ್ಲಿಗೆ ಹೊರಟಿತು?

ಮಧ್ಯಯುಗದ ಯುರೋಪಿನಲ್ಲಿ ಕ್ರೈಸ್ತರ ಉಪವಾಸದ ತಪಸ್ಸುಕಾಲ ಮುಗಿಯುವ ತನಕ ಮೊಟ್ಟೆ ತಿನ್ನುವಂತಿರಲಿಲ್ಲ. ಕೋಳಿಗೆ ಉಪವಾಸದ ಗೊಡವೆಯೇ? ಅದು ಇಡುತ್ತಲೇ ಹೋಯಿತು. ಪಾಸ್ಖ (ಈಸ್ಟರ್) ಹಬ್ಬದ ಹೊತ್ತಿಗೆ ಮನೆತುಂಬ ಮೊಟ್ಟೆ. 1290ರಲ್ಲಿ ಇಂಗ್ಲೆಂಡಿನ ಒಂದನೇ ಎಡ್ವರ್ಡ್ ದೊರೆಯ ಖರ್ಚಿನ ಪಟ್ಟಿಯಲ್ಲಿ 450 ಮೊಟ್ಟೆಗೆ 18 ಪೆನ್ಸ್ ಬಿದ್ದಿದೆ. ಇಲ್ಲಿಯವರೆಗೆ ಎಲ್ಲ ಸರಿ. ತಲೆಗೆ ಹತ್ತದ್ದು, ತಿಂದಾದ ಮೇಲಿನ ಕಥೆ.

*

ಇಂಗ್ಲೆಂಡಿನಲ್ಲಿ ಬೇಯಿಸಿದ ಮೊಟ್ಟೆ ತಿಂದವರು ಖಾಲಿ ಚಿಪ್ಪಿನ ಬುಡಕ್ಕೆ ಚಮಚದಿಂದ ಕುಟ್ಟಿ ತೂತು ಮಾಡುತ್ತಿದ್ದರು. ಹಾಗೇ ಬಿಟ್ಟರೆ ಮಾಟಗಾತಿ ಅದರಲ್ಲಿ ಕೂತು ಕಡಲಿಗಿಳಿದು ಹಡಗು ಮುಳುಗಿಸುತ್ತಾಳಂತೆ! ಮಾಟಗಾತಿಯರ ಈ ಚಿಪ್ಪಿನ ದೋಣಿಯ ಮಾತು ರೆಜಿನಾಲ್ಡ್ ಸ್ಕಾಟ್ 1584ರಲ್ಲಿ ಬರೆದ ಪುಸ್ತಕದಲ್ಲೇ ಇದೆ (ಆತ ನಂಬಿದವನಲ್ಲ, ಗೇಲಿ ಮಾಡಿದವನು). ಮಾಟಕ್ಕೆ ಹೆದರಿ ಚಿಪ್ಪು ಒಡೆಯುವುದನ್ನು ರೋಮಿನ ಲೇಖಕ ಪ್ಲಿನಿ ಒಂದನೇ ಶತಮಾನದಲ್ಲೇ ದಾಖಲಿಸಿದ್ದಾನೆ. ಅಂದರೆ ಭಯ ಮೊದಲು, ಹಬ್ಬದ ಮೊಟ್ಟೆ ಆಮೇಲೆ.

*

ರೊಮೇನಿಯಾದಲ್ಲಿ ಎಲ್ಲ ತಿರುವುಮುರುವು. ಅಲ್ಲಿ ಹಬ್ಬದಡುಗೆಗೆ ಒಡೆದ ಮೊಟ್ಟೆಯ ಚಿಪ್ಪನ್ನು ಹೊಳೆಗೆ ತೇಲಿಬಿಡುವ ಪದ್ಧತಿ. ನೀರು ಹೋಗಿ ಸೇರುವ ದೂರದ ನಾಡಿನಲ್ಲಿ ಬ್ಲಾಜಿನಿ ಎಂಬ ಸಾಧು ಜನರಿದ್ದಾರೆ. ಅವರಿಗೆ ಪಂಚಾಂಗ ಗೊತ್ತಿಲ್ಲ, ಚಿಪ್ಪು ತಲುಪಿದ ದಿನವೇ ಹಬ್ಬ. ಉಕ್ರೇನಿನಲ್ಲಿ ಇವರೇ ರಖ್ಮನರು. ಒಂದು ಮೊಟ್ಟೆಯಲ್ಲಿ ಹನ್ನೆರಡು ರಖ್ಮನರ ಹೊಟ್ಟೆ ತುಂಬುತ್ತದೆ ಎನ್ನುವವರೂ ಇದ್ದಾರೆ.

ಯಾರಪ್ಪ ಇವರು ಎಂದು ಹುಡುಕಿದರೆ ವಿದ್ವಾಂಸರು ನಮ್ಮ ಕಡೆಗೇ ಬೆರಳು ತೋರಿಸುತ್ತಾರೆ. ಅಲೆಕ್ಸಾಂಡರ್ ಭಾರತದಲ್ಲಿ ಕಂಡ ಬ್ರಾಹ್ಮಣರ ಕಥೆ ಮಧ್ಯಯುಗದ ಪುಸ್ತಕಗಳಲ್ಲಿ ಊರೂರು ಸುತ್ತಿ ಅಲ್ಲಿ ರಖ್ಮನರ ಕಥೆಯಾಯಿತಂತೆ. ಆ ಕಥೆಯಲ್ಲಿ ಅವರು ಹಣ್ಣುಹಂಪಲು ತಿಂದು ಬದುಕುವವರು. ಅಂಥವರ ವಿಳಾಸಕ್ಕೆ ಮೊಟ್ಟೆಚಿಪ್ಪಿನ ಅಂಚೆ!

*

ಉಕ್ರೇನಿನ ಪಿಸಂಕಾ ಮೊಟ್ಟೆಯನ್ನಾದರೋ ಒಡೆಯುವಂತೆಯೂ ಇಲ್ಲ, ತೇಲಿಬಿಡುವಂತೆಯೂ ಇಲ್ಲ. ಹಸಿ ಮೊಟ್ಟೆಯ ಮೇಲೆ ಸಣ್ಣ ಕೊಳವೆ ಕಟ್ಟಿದ ಕಡ್ಡಿಯಿಂದ ಜೇನುಮೇಣದ ಗೆರೆ ಎಳೆದು, ಹಳದಿಯಲ್ಲಿ ಅದ್ದಿ, ಮತ್ತೆ ಗೆರೆ, ಆಮೇಲೆ ಕೆಂಪು, ಕೊನೆಗೆ ಕಪ್ಪು. ಅಷ್ಟರಲ್ಲಿ ಅದು ಸುಟ್ಟ ಬದನೆಕಾಯಿಯಂತೆ ಕಾಣುತ್ತದೆ. ಮೋಂಬತ್ತಿಯ ಉರಿಯ ಪಕ್ಕ ಹಿಡಿದು, ಕರಗಿದ ಮೇಣವನ್ನು ಬಟ್ಟೆಯಿಂದ ಒರೆಸಿದಾಗಲೇ ಅಡಗಿದ್ದ ಬಣ್ಣವೆಲ್ಲ ಹೊರಬರುವುದು.

ಕಾರ್ಪೇಥಿಯನ್ ಬೆಟ್ಟಗಳ ಹುಟ್ಸುಲರ ಪ್ರಕಾರ ಇದು ಬರೀ ಅಲಂಕಾರವಲ್ಲ. ಬೆಟ್ಟಕ್ಕೆ ಸರಪಳಿಯಿಂದ ಬಿಗಿದ ಒಂದು ದುಷ್ಟ ಸರ್ಪವಿದೆ. ವರ್ಷವರ್ಷವೂ ಅದರ ಆಳುಗಳು ಬಂದು ಎಷ್ಟು ಪಿಸಂಕಾ ಬರೆದರೆಂದು ಎಣಿಸುತ್ತಾರೆ. ಕಡಿಮೆಯಾದರೆ ಸರಪಳಿ ಸಡಿಲ, ಹೆಚ್ಚಾದರೆ ಬಿಗಿ. ಕೊಲೊಮಿಯಾ ಊರಲ್ಲಿ 2000ದಲ್ಲಿ ಮೊಟ್ಟೆಯಾಕಾರದ ಕಟ್ಟಡವನ್ನೇ ಎಬ್ಬಿಸಿ ಪಿಸಂಕಾಗಳಿಗೆ ಮ್ಯೂಸಿಯಂ ಮಾಡಿದ್ದಾರೆ. ಗಾಜಿನ ಪೆಟ್ಟಿಗೆಯಲ್ಲಿಟ್ಟ ಹಳೆಯವು ಈ ವರ್ಷದ ಎಣಿಕೆಗೆ ಬರುತ್ತವೆಯೇ? ಆ ಕಟ್ಟಡವನ್ನೂ ಒಂದೆಂದು ಹಿಡಿಯುತ್ತಾರೆಯೇ?